ಎರಡು ಜನಕ್ಕೆ ಇಪ್ಪತ್ತಾರು ಬಕೆಟ್ಟು

ಸಮೀಕ್ಷೆ ಕಚೇರಿಯಲ್ಲಿ ಆಕೆಯನ್ನು ಎಲ್ಲರೂ ಮೂರ್ಸಲದಮ್ಮ ಎಂದೇ ಕರೆಯುತ್ತಿದ್ದರು. ಚೀಟಿ ಎತ್ತಿ ಆರಿಸಿದ ಮನೆಯ ಬಾಗಿಲು ಮೊದಲ ಸಲ ತೆರೆಯದಿದ್ದರೆ ಇನ್ನೊಂದು ದಿನ ಹೋಗಿ ತಟ್ಟಬೇಕು. ಆಗಲೂ ತೆರೆಯದಿದ್ದರೆ ಮತ್ತೂ ಒಂದು ಸಲ. ಮೂರು ಸಲವೂ ಯಾರೂ ಬಾರದಿದ್ದರೆ ಮಾತ್ರ ‘ಉತ್ತರವಿಲ್ಲ’ ಎಂದು ಬರೆಯಬಹುದು. ಇದು ಆ ಕಚೇರಿಯ ಕಟ್ಟಳೆ. ಉಳಿದವರು ಎರಡನೆಯ ಸಲಕ್ಕೇ ಹಿಂದೇಟು ಹಾಕುತ್ತಿದ್ದರು. ಆಕೆ ಮಾತ್ರ ಮೂರನೆಯ ಸಲವೂ ಹೋಗುತ್ತಿದ್ದಳು. ಎಡಗೈ ಮುಷ್ಟಿ ಕಟ್ಟಿ ತಟ್ಟಿದಳೆಂದರೆ ಆಚೀಚೆ ಮನೆಯವರೂ ಬಂದು ನಿಲ್ಲುತ್ತಿದ್ದರು.

“ಮೂರ್ಸಲದಮ್ಮ ತಟ್ಟಿದ್ರೆ ಒಳಗಿರೋರು ಎದ್ದು ಬರೋದು ಹಾಗಿರ್ಲಿ, ಬಾಗಿಲೇ ಎದ್ದು ಬರುತ್ತೆ,” ಎನ್ನುತ್ತಿದ್ದ ಛತ್ರಿಯಾತ. ಆತನೂ ಆಕೆಯ ಹಾಗೆಯೇ ಮನೆ ಮನೆ ತಿರುಗುವ ಕೆಲಸದವನು. ಬಿಸಿಲಿರಲಿ ಮೋಡವಿರಲಿ ಛತ್ರಿ ಬಿಟ್ಟವನಲ್ಲ. ನಾಯಿಗಳನ್ನು ಓಡಿಸಲು ಎಂದು ಹೇಳಿಕೊಳ್ಳುತ್ತಿದ್ದ.

ಆಕೆ ನಗುತ್ತಿರಲಿಲ್ಲ, ಬೇಸರವನ್ನೂ ಮಾಡಿಕೊಳ್ಳುತ್ತಿರಲಿಲ್ಲ. ಐವತ್ತು ದಾಟಿದ ಹೆಂಗಸು, ಮದುವೆಯಾಗಿರಲಿಲ್ಲ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ವಾಸ. ಮೊದಲು ಅಲ್ಲಿ ತಾಯಿಯೂ ಇದ್ದಳು. ಕೊನೆಯ ವರ್ಷವೆಲ್ಲ ಹಾಸಿಗೆಯಲ್ಲೇ. ಎತ್ತುವುದು, ಒರೆಸುವುದು, ಮಗ್ಗುಲು ಬದಲಿಸುವುದು, ಹಾಸು ಒಗೆಯುವುದು ಎಲ್ಲವನ್ನೂ ಆಕೆಯೇ ಮಾಡಿದ್ದಳು. ಒಂದು ನಸುಕಿನಲ್ಲಿ ಮಂಚದ ಪಕ್ಕದ ಕುರ್ಚಿಯಲ್ಲಿ ಕುಳಿತಂತೆಯೇ ಆಕೆಗೆ ತೂಕಡಿಕೆ ಬಂತು. ಕಣ್ಣು ಬಿಟ್ಟಾಗ ತಾಯಿ ಹೋಗಿಬಿಟ್ಟಿದ್ದಳು.

ಬೆಳಗಾದ ಮೇಲೆ ಅಕ್ಕ ಬಂದಳು. ಊರಿನ ಇನ್ನೊಂದು ತುದಿಗೆ ಮದುವೆಯಾಗಿ ಹೋಗಿದ್ದ ಒಬ್ಬಳೇ ಅಕ್ಕ. ತಾಯಿಯ ಮುಖ ನೋಡಿ, ಕುರ್ಚಿ ನೋಡಿ, ಬಂದವರೆಲ್ಲರ ಎದುರಿಗೆ ಒಂದೇ ಮಾತು ಹೇಳಿದಳು: “ನೀನು ಪಕ್ಕದಲ್ಲೇ ಇದ್ದೂ ಹೋದ್ಲಲ್ಲೇ.”

ಅಂದಿನಿಂದ ಅಕ್ಕತಂಗಿಯರ ನಡುವೆ ಮಾತು ನಿಂತಿತು. ಜಗಳವೇನೂ ಆಗಲಿಲ್ಲ. ಇವಳು ಹೋಗಲಿಲ್ಲ, ಅವಳು ಬರಲಿಲ್ಲ. ವರ್ಷಗಳು ತಮ್ಮ ಪಾಡಿಗೆ ತಾವು ಕಳೆದವು. ಆಕೆ ಆ ದಿನ ಅಳಲಿಲ್ಲ, ಆಮೇಲೂ ಅಳಲಿಲ್ಲ. ಕೈ ಮೇಲೆ ತಲೆಯಿಟ್ಟು ಮಲಗಿದಾಗ ಕೈ ಜೋಮು ಹಿಡಿಯುತ್ತದಲ್ಲ, ತನ್ನದೇ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ಪಕ್ಕಕ್ಕಿಡಬೇಕಾಗುತ್ತದಲ್ಲ, ಹಾಗೆ ಆಕೆ ತನ್ನನ್ನು ತಾನೇ ಎತ್ತಿ ಬೆಳಿಗ್ಗೆ ಕಚೇರಿಗೆ ಒಯ್ಯುತ್ತಿದ್ದಳು, ಸಂಜೆ ಮರಳಿ ತರುತ್ತಿದ್ದಳು. ಉಂಡರೆ ರುಚಿ ತಿಳಿಯುತ್ತಿರಲಿಲ್ಲ, ಬಿಟ್ಟರೆ ಹಸಿವು ತಿಳಿಯುತ್ತಿರಲಿಲ್ಲ. ಸಮೀಕ್ಷೆಯ ಕೆಲಸ ಇದಕ್ಕೆ ಹೇಳಿ ಮಾಡಿಸಿದಂತಿತ್ತು. ಪ್ರಶ್ನೆಗಳನ್ನು ಬೇರೆ ಯಾರೋ ಬರೆದುಕೊಟ್ಟಿರುತ್ತಾರೆ, ಉತ್ತರಗಳು ಬೇರೆಯವರವು. ನಡುವೆ ತನ್ನದೆಂಬುದು ಏನೂ ಬೇಕಿಲ್ಲ.

ಆ ವರ್ಷ ಬಂದದ್ದು ನೀರಿನ ಸಮೀಕ್ಷೆ. ಊರಿಗೆ ಹೊಸ ತೊಟ್ಟಿ ಕಟ್ಟಬೇಕಾಗಿತ್ತು. ಒಂದು ಮನೆಗೆ ದಿನಕ್ಕೆ ಸರಾಸರಿ ಎಷ್ಟು ನೀರು ಖರ್ಚಾಗುತ್ತದೆಂದು ತಿಳಿಯದೆ ತೊಟ್ಟಿಯ ಅಳತೆ ಗೊತ್ತು ಮಾಡುವಂತಿರಲಿಲ್ಲ. ಕಚೇರಿಯ ಲೆಕ್ಕದ ಮೇಷ್ಟ್ರು ಎಲ್ಲರನ್ನೂ ಬೆಂಚಿನ ಮೇಲೆ ಕೂರಿಸಿಕೊಂಡರು. ಅವರು ಒಂದು ಕಾಲದಲ್ಲಿ ಪಾಠ ಹೇಳಿದವರು. ಕಿಸೆಯಲ್ಲಿ ಈಗಲೂ ಸೀಮೆಸುಣ್ಣದ ತುಂಡು ಇರುತ್ತಿತ್ತು, ಜೊತೆಗೆ ಒಂದು ಪೆಪ್ಪರಮಿಂಟೂ. ಒಮ್ಮೊಮ್ಮೆ ಬರೆಯಲು ಹೋಗಿ ಪೆಪ್ಪರಮಿಂಟನ್ನೇ ಹಲಗೆಗೆ ಉಜ್ಜುವುದೂ ಇತ್ತು.

“ಊರಲ್ಲಿ ಮನೆ ಇಪ್ಪತ್ತು ಸಾವಿರ. ಎಲ್ಲಾ ಕಡೆ ಹೋಗೋಕೆ ಆಗಲ್ಲ. ಚೀಟಿ ಎತ್ತಿ ಇನ್ನೂರು ಮನೆ ಆರಿಸ್ತೀವಿ. ಆ ಇನ್ನೂರರ ಸರಾಸರಿನೇ ಊರಿನ ಸರಾಸರಿ ಅನ್ನಬಹುದಾ?”

“ಅನ್ನೋ ಹಾಗಿಲ್ಲ ಅಂದ್ರೆ ನಾವ್ಯಾಕೆ ಸಾರ್ ಚಪ್ಪಲಿ ಸವೆಸ್ಬೇಕು?” ಎಂದ ಛತ್ರಿಯಾತ.

“ಹತ್ತಿರ ಇರುತ್ತೆ ಮಾರಾಯ. ಎಷ್ಟು ಹತ್ತಿರ ಅಂತ ಹೇಳೋದೇ ನಮ್ಮ ಕಸುಬು. ಬಳೆ ಎಸೆಯೋ ಆಟ ನೋಡಿದೀಯಲ್ಲ? ಗೂಟ ನೆಟ್ಟಿರ್ತಾರೆ, ನೀನು ಬಳೆ ಎಸೀತೀಯ. ಈಗ ಆ ಗೂಟದ ಮುಂದೆ ಒಂದು ಪರದೆ ಕಟ್ಟಿದೆ ಅಂದ್ಕೋ. ಗೂಟ ಅಂದ್ರೆ ಊರಿನ ನಿಜವಾದ ಸರಾಸರಿ. ಅದು ಇದ್ದಲ್ಲೇ ಇರುತ್ತೆ, ನಮಗೆ ಕಾಣಲ್ಲ. ನಾವು ಇನ್ನೂರು ಮನೆ ಕೇಳಿ, ಇಷ್ಟು ಬಕೆಟ್ಟಿಂದ ಇಷ್ಟು ಬಕೆಟ್ಟಿನ ಒಳಗೆ ಅಂತ ಒಂದು ಬಳೆ ಎಸೀತೀವಿ. ಬೇರೆ ಇನ್ನೂರು ಮನೆ ಸಿಕ್ಕಿದ್ರೆ ಬಳೆ ಸ್ವಲ್ಪ ಬೇರೆ ಕಡೆ ಬೀಳ್ತಿತ್ತು. ಹೀಗೆ ನೂರು ಸಲ ಎಸೆದ್ರೆ ಸುಮಾರು ತೊಂಬತ್ತೈದು ಸಲ ಗೂಟಕ್ಕೆ ಬೀಳುತ್ತೆ, ಐದು ಸಲ ತಪ್ಪುತ್ತೆ. ಆದ್ರೆ ನಾವು ಎಸೆಯೋದು ಒಂದೇ ಸಲ.”

“ಆ ಒಂದು ಸಲ ಬಿತ್ತೋ ಇಲ್ವೋ?”

“ಪರದೆ ಸರಿಸಿ ನೋಡೋ ಹಾಗಿಲ್ಲ.”

“ಮತ್ತೆ ಯಾವ ಧೈರ್ಯದ ಮೇಲೆ ವರದಿ ಕೊಡ್ತೀರಿ ಸಾರ್?”

“ನೂರಕ್ಕೆ ತೊಂಬತ್ತೈದು ಸಲ ಸರಿಯಾಗಿ ಎಸೆಯೋ ಕೈ ಇದು ಅನ್ನೋ ಧೈರ್ಯದ ಮೇಲೆ. ನಾವು ನಂಬೋದು ಬಳೆಯನ್ನಲ್ಲ, ಕೈಯನ್ನ.” ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. “ಆ ಕೈ ಕೆಡಬಾರ್ದು ಅಂದ್ರೆ, ಚೀಟಿಯಲ್ಲಿ ಬಂದ ಮನೆಗೇ ಹೋಗ್ಬೇಕು. ಬೀಗ ಹಾಕಿದೆ ಅಂತ ಪಕ್ಕದ ಮನೆ ಕೇಳ್ಕೊಂಡು ಬರೋ ಹಾಗಿಲ್ಲ. ಸುಲಭವಾಗಿ ಬಾಗಿಲು ತೆಗೆಯೋರ ನೀರೇ ಬೇರೆ, ತೆಗೆಯದೇ ಇರೋರ ನೀರೇ ಬೇರೆ. ತೆಗೆಯೋರನ್ನಷ್ಟೇ ಕೇಳಿದ್ರೆ ಬಳೆ ನೋಡೋಕೆ ಚೆಂದವಾಗೇ ಕಾಣುತ್ತೆ. ಗೂಟ ಮಾತ್ರ ಇನ್ನೆಲ್ಲೋ ಇರುತ್ತೆ.”

ಪ್ರತಿಯೊಬ್ಬರಿಗೂ ಒಂದು ಅಳತೆಕೋಲು ಕೊಟ್ಟರು. ಮನೆಯವರು ನಿನ್ನೆ ಬೆಳಗಿನಿಂದ ಮಲಗುವವರೆಗೆ ತಮ್ಮ ಬಕೆಟ್ಟಿನಲ್ಲಿ ಎಷ್ಟು ನೀರು ಬಳಸಿದರೆಂದು ಒಂದೊಂದಾಗಿ ಕೇಳಬೇಕು; ಆಮೇಲೆ ಆ ಬಕೆಟ್ಟಿಗೆ ಕೋಲು ಇಳಿಸಿ, ಅದು ಲೆಕ್ಕಕ್ಕೆಂದು ಗೊತ್ತು ಮಾಡಿದ ಕಚೇರಿಯ ಬಕೆಟ್ಟಿಗಿಂತ ದೊಡ್ಡದೋ ಚಿಕ್ಕದೋ ನೋಡಬೇಕು. ಆಮೇಲೆ ಮನೆಗಳನ್ನು ಹಂಚಿದರು. ಮೂರ್ಸಲದಮ್ಮ ತನ್ನ ಪಾಲಿನ ವಿಳಾಸಗಳ ಮೇಲೆ ಬೆರಳಾಡಿಸುತ್ತ ಹೋಗಿ ಒಂದು ಕಡೆ ನಿಂತಳು. ದರ್ಜಿ ಅಂಗಡಿಗಳ ಓಣಿ, ಕೊನೆಯ ಮನೆ, ನೀಲಿ ಗೇಟು. ಅಕ್ಕನ ಮನೆ.

ಆಕೆಗೆ ಎದೆಯೇನೂ ಧಸಕ್ಕೆನ್ನಲಿಲ್ಲ. ಬೆರಳು ನಿಂತಿತು, ಅಷ್ಟೇ. ಆಮೇಲೆ ಮುಂದಕ್ಕೆ ಹೋಯಿತು.

ಛತ್ರಿಯಾತನಿಗೆ ಹೇಳಿ ಆ ಒಂದು ಮನೆಯನ್ನು ಅದಲುಬದಲು ಮಾಡಿಕೊಳ್ಳಬಹುದಾಗಿತ್ತು. ಆದರೆ ಕೇಳಿದರೆ ಕಾರಣ ಹೇಳಬೇಕಾಗುತ್ತಿತ್ತು. ಪಕ್ಕದ ಮನೆಯ ನೀರು ಬರೆದುಕೊಂಡು ಬರುವುದು ಆಕೆಯಿಂದಾಗದ ಕೆಲಸ; ಎಲ್ಲವೂ ಸತ್ತಂತಿದ್ದ ಆಕೆಯೊಳಗೆ ಅದೊಂದು ಕಟ್ಟಳೆ ಮಾತ್ರ ಹಲ್ಲಿನಂತೆ ಗಟ್ಟಿಯಾಗಿ ಉಳಿದಿತ್ತು. ಹಾಗಾಗಿ ಆಕೆ ಒಂದು ದಾರಿ ಹುಡುಕಿದಳು. ಕಟ್ಟಳೆಯಲ್ಲಿ ಮೂರು ಸಲ ತಟ್ಟಬೇಕು ಎಂದಿತ್ತು. ಎಷ್ಟು ಗಟ್ಟಿಯಾಗಿ ಎಂದು ಎಲ್ಲೂ ಇರಲಿಲ್ಲ.

ಮೊದಲ ಸಲ ಹೋದಾಗ ಓಣಿಯ ಹೊಲಿಗೆ ಯಂತ್ರಗಳೆಲ್ಲ ಗಡಗಡ ಎನ್ನುತ್ತಿದ್ದವು. ಆಕೆ ನೀಲಿ ಗೇಟು ಸದ್ದಾಗದಂತೆ ತೆರೆದು, ಬಾಗಿಲಿಗೆ ಬೆರಳ ತುದಿ ಮುಟ್ಟಿಸಿದಳು. ಸ್ವಲ್ಪ ಹೊತ್ತು ನಿಂತಳು. ಒಳಗೆ ನೀರು ಬೀಳುವ ಸದ್ದು ಕೇಳುತ್ತಿತ್ತು. ಬಂದ ದಾರಿಯಲ್ಲೇ ಹಿಂತಿರುಗಿದಳು. ಎರಡನೆಯ ಸಲವೂ ಹಾಗೆಯೇ. ಆಗಲೂ ಒಳಗೆ ನೀರು ಬೀಳುತ್ತಿತ್ತು.

ಕಚೇರಿಯಲ್ಲಿ ಛತ್ರಿಯಾತ ಕೇಳಿದ: “ಏನಮ್ಮ, ನಿಮಗೂ ತೆಗೀದಿರೋ ಬಾಗಿಲು ಇದೆಯಾ? ನಿಮ್ಮ ಕೈಗೇನಾಯ್ತು?”

“ಇನ್ನೊಂದು ಸಲ ಇದೆ,” ಎಂದಳು.

ಆ ಇನ್ನೊಂದು ಸಲ ಆಕೆ ಬೆರಳು ಮುಟ್ಟಿಸುವ ಮೊದಲೇ ಬಾಗಿಲು ತೆರೆಯಿತು. ಅಕ್ಕ ಹೊಸಿಲ ಮೇಲೆ ನಿಂತಿದ್ದಳು. ಹೆಗಲ ಮೇಲೆ ಒದ್ದೆ ಹಾಸು, ಮೊಣಕೈವರೆಗೆ ಸೋಪಿನ ನೊರೆ. ತಲೆ ಬೆಳ್ಳಗಾಗಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

“ಎರಡು ಸಲ ಬಂದು ಗುಬ್ಬಿ ಕುಕ್ಕಿದ ಹಾಗೆ ಕುಕ್ಕಿ ಹೋದೆ,” ಎಂದಳು ಅಕ್ಕ. “ಕಿಟಕೀಲಿ ನೋಡ್ದೆ.”

“ನೋಡಿದ್ಮೇಲೆ ಬಾಗಿಲು ತೆಗೀಬಹುದಿತ್ತು.”

“ತಟ್ಟಿದ್ರೆ ತೆಗೀತಿದ್ದೆ.”

ಆಕೆ ಕಾಗದ ಸಿಕ್ಕಿಸಿದ ಹಲಗೆಯನ್ನು ಎದೆಯ ಮುಂದೆ ಹಿಡಿದು, ಎಲ್ಲ ಮನೆಗಳಲ್ಲೂ ಹೇಳುವುದನ್ನೇ ಹೇಳಿದಳು: “ನೀರಿನ ಸಮೀಕ್ಷೆಗೆ ಬಂದಿದೀನಿ. ಇನ್ನೂರು ಮನೆಗಳಲ್ಲಿ ನಿಮ್ಮ ಮನೆನೂ ಚೀಟಿಯಲ್ಲಿ ಬಂದಿದೆ. ನಿಮಗೆ ಇಷ್ಟವಿದ್ರೆ ಕೆಲವು ಪ್ರಶ್ನೆ ಕೇಳ್ತೀನಿ.”

“ಓಹೋ. ಬನ್ನಿ ಮೇಡಂ, ಬನ್ನಿ. ಚೀಟಿಯಲ್ಲಿ ಬರದೇ ಇದ್ರೆ ನಮ್ಮ ಮನೆಗೆ ಯಾರ್ತಾನೇ ಬರ್ತಾರೆ.”

ನಡುಮನೆಯಲ್ಲಿ ಎರಡು ಕುರ್ಚಿಗಳು. ಒಂದರ ಮೇಲೆ ಮಡಿಸಿದ ಹಾಸುಗಳ ರಾಶಿ. ಗಾಳಿಯಲ್ಲಿ ಔಷಧಿ ನೀರಿನ ವಾಸನೆ. ಆಕೆಗೆ ಆ ವಾಸನೆಯ ಪರಿಚಯವಿತ್ತು, ಆದರೂ ಮೂಗು ಅದನ್ನು ತಲೆಗೆ ಮುಟ್ಟಿಸಲು ಹೊತ್ತು ತೆಗೆದುಕೊಂಡಿತು. ಒಳಕೋಣೆಯ ಬಾಗಿಲು ಅರ್ಧ ಮುಚ್ಚಿತ್ತು.

“ಈ ಮನೆಯಲ್ಲಿ ವಾಸ ಇರೋರು ಎಷ್ಟು ಜನ?”

“ಅದನ್ನೂ ನಾನೇ ಹೇಳ್ಬೇಕಾ? ನಿಂಗೊತ್ತಿಲ್ವಾ?”

“ನನಗೆ ಗೊತ್ತಿರೋದನ್ನ ಬರೆಯೋ ಹಾಗಿಲ್ಲ. ನೀವು ಹೇಳಿದ್ದನ್ನ ಬರೀಬೇಕು.”

“ಇಬ್ಬರು. ನಾನೊಬ್ಬಳು, ನಿಮ್ಮ ಭಾವ ಒಬ್ಬರು. ಬರ್ಕೊಳ್ಳಿ.”

“ನಿನ್ನೆ ಬೆಳಿಗ್ಗೆ ಎದ್ದಾಗಿಂದ ರಾತ್ರಿ ಮಲಗೋವರೆಗೆ...”

“ಮಲಗೋದು ಅಂದ್ರೆ ಯಾವಾಗ ಅಂತ ಬರ್ಕೋತೀರಿ? ಅದೂ ನಾನೇ ಹೇಳ್ಬೇಕಾ?”

ಆಕೆ ತಲೆ ಎತ್ತಲಿಲ್ಲ. “ಅಡುಗೆಗೆ, ಕುಡಿಯೋಕೆ?”

“ಎರಡು ಬಕೆಟ್ಟು.”

“ಸ್ನಾನಕ್ಕೆ?”

“ನನಗೊಂದು. ಅವರಿಗೆ ಮೈ ಒರೆಸೋಕೆ ಎರಡು.”

“ಪಾತ್ರೆಗೆ?”

“ಎರಡು. ಒಳಕೋಣೆ ನೆಲ ಒರೆಸೋಕೆ ಮೂರು.”

“ಬಟ್ಟೆಗೆ?”

ಅಕ್ಕ ಉತ್ತರ ಕೊಡುವ ಮುನ್ನ ಹೆಗಲ ಮೇಲಿನ ಹಾಸನ್ನು ತೆಗೆದು ಬಕೆಟ್ಟಿಗೆ ಹಾಕಿದಳು. “ಹದಿನಾರು,” ಎಂದಳು.

ಆಕೆ ಹದಿನಾರು ಎಂದು ಬರೆದಳು. ಒಂದು ಹಾಸು ಒಗೆಯಲು ನಾಲ್ಕು ಬಕೆಟ್ಟು ನೀರು ಬೇಕು. ನೆನೆಸಲು ಒಂದು, ಜಾಲಿಸಲು ಎರಡು, ಔಷಧಿ ನೀರಲ್ಲಿ ಅದ್ದಲು ಮತ್ತೊಂದು. ಈ ಲೆಕ್ಕವನ್ನು ಆಕೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾಲ್ಕು ಹಾಸು. ಹಗಲಿಗೆ ಎರಡು, ರಾತ್ರಿಗೆ ಎರಡು. ಭಾವನಿಗೆ ಏನಾಗಿದೆ, ಎಂದಿನಿಂದ ಎಂದು ಕೇಳುವ ಪ್ರಶ್ನೆ ಕಾಗದದ ಮೇಲೆ ಇರಲಿಲ್ಲ. ಆಕೆ ಕೇಳಲಿಲ್ಲ. ಕೋಲನ್ನು ಬಕೆಟ್ಟಿಗೆ ಇಳಿಸಿದಳು. ಸರಿಯಾಗಿ ಕಚೇರಿಯ ಬಕೆಟ್ಟಿನ ಅಳತೆಯೇ ಇತ್ತು.

“ಎಡಗೈ ಅಭ್ಯಾಸ ಇನ್ನೂ ಹೋಗಿಲ್ಲ,” ಎಂದಳು ಅಕ್ಕ, ಕೋಲು ಹಿಡಿದ ಕೈಯನ್ನೇ ನೋಡುತ್ತ.

ಚಿಕ್ಕವರಾಗಿದ್ದಾಗ ಒಗೆದ ಕಂಬಳಿ ಹಿಂಡುವುದು ಅಕ್ಕತಂಗಿಯರ ಪಾಲಿನ ಕೆಲಸ. ಎದುರುಬದುರು ನಿಂತು ಒಂದೊಂದು ತುದಿ ಹಿಡಿಯುತ್ತಿದ್ದರು. ಇವಳದು ಎಡಗೈ ಬಲ. ಆದ್ದರಿಂದ ತಿರುಚುವುದೂ ಉಲ್ಟಾ. ಅಕ್ಕ ತಿರುಚಿದ್ದನ್ನು ಇವಳು ಬಿಚ್ಚಿದಂತಾಗಿ, ಕಂಬಳಿ ಹಗ್ಗದ ಹಾಗೆ ಸುಮ್ಮನೆ ಉರುಳುತ್ತಿತ್ತು. ಒಂದು ಹನಿ ನೀರೂ ಇಳಿಯುತ್ತಿರಲಿಲ್ಲ. “ಆ ಕಡೆ ಅಲ್ಲ ಕಣೇ ಮೊಂಡಿ, ಈ ಕಡೆ,” ಎಂದು ಅಕ್ಕ ಕಿರುಚುತ್ತಿದ್ದಳು. ಇವಳು ಬದಲಿಸುತ್ತಿರಲಿಲ್ಲ. ಮೊಂಡಿ ಎಂಬ ಹೆಸರು ಬಂದದ್ದೇ ಆ ಕಂಬಳಿಯಿಂದ.

ಒಳಕೋಣೆಯಿಂದ ಗಂಟಲಲ್ಲೇ ಸಿಕ್ಕಿಕೊಂಡಂಥ ಒಂದು ಗಂಡು ದನಿ ಬಂತು. “ಯಾರದು?”

“ಯಾರೂ ಇಲ್ಲ,” ಎಂದು ಅಕ್ಕ ಕೂಗಿ ಹೇಳಿದಳು. “ನೀರಿನೋರು.”

ಆಕೆ ವಂದನೆ ಹೇಳಿ ಹೊರಟಳು. ಗೇಟು ಹಾಕುವಾಗ ಈ ಸಲ ಸದ್ದಾಯಿತು.

ಇನ್ನೂರು ಮನೆಗಳ ಉತ್ತರ ಬಂದು ಸೇರಿದ ಮೇಲೆ ಲೆಕ್ಕದ ಮೇಷ್ಟ್ರು ಒಂದೊಂದನ್ನೇ ನೋಡುತ್ತ ಕುಳಿತರು. ಆಕೆಯನ್ನೂ ಛತ್ರಿಯಾತನನ್ನೂ ಕರೆದರು.

“ಇದೇನಮ್ಮ? ಮನೆಯಲ್ಲಿ ಇರೋದು ಎರಡು ಜನ, ನೀರು ಇಪ್ಪತ್ತಾರು ಬಕೆಟ್ಟು?”

“ಆನೆ ಸಾಕಿರ್ಬೇಕು,” ಎಂದ ಛತ್ರಿಯಾತ. “ತೆಗೆದು ಹಾಕಿ ಸಾರ್. ಕೈ ತಪ್ಪಿ ಬರೆದಿರ್ತಾರೆ. ಆರಿನ ಹಿಂದೆ ಎರಡು ಬಿದ್ದಿದೆ.”

“ಕೈ ತಪ್ಪಿಲ್ಲ,” ಎಂದಳು ಆಕೆ.

ಮೇಷ್ಟ್ರು ಹಲಗೆಯ ಮೇಲೆ ಬರೆದರು. ಆ ಮನೆಯನ್ನು ಸೇರಿಸಿದರೆ ಸರಾಸರಿ ಒಂಬತ್ತು ಬಕೆಟ್ಟು. ಬಳೆ ಎಂಟು ಚಿಲ್ಲರೆಯಿಂದ ಒಂಬತ್ತೂ ಮುಕ್ಕಾಲರ ಹತ್ತಿರದವರೆಗೆ. ಬಿಟ್ಟರೆ ಇಡೀ ಬಳೆ ಒಂದು ತಂಬಿಗೆಯಷ್ಟು ಕೆಳಗೆ ಸರಿಯುತ್ತದೆ, ಒಂದು ಎಳೆಯಷ್ಟು ಚಿಕ್ಕದಾಗುತ್ತದೆ. ಅಷ್ಟೇ ವ್ಯತ್ಯಾಸ.

“ನೋಡಿ, ಅಷ್ಟೇ ತಾನೆ,” ಎಂದ ಛತ್ರಿಯಾತ. “ಒಂದು ತಂಬಿಗೆ ನೀರಿಗೆ ಇಷ್ಟೊಂದು ತಲೆ ಕೆಡಿಸ್ಕೋಬೇಕಾ?”

“ನಮಗೆ ತಂಬಿಗೆ. ಆ ಮನೆಗೆ ಇಪ್ಪತ್ತಾರೇ,” ಎಂದರು ಮೇಷ್ಟ್ರು. “ಈ ಬಳೆ ಸರಾಸರಿಗೆ ಹಾಕಿದ್ದಪ್ಪ, ಒಂದೊಂದು ಮನೆಗೆ ಹಾಕಿದ್ದಲ್ಲ. ಬಳೆಯ ಹೊರಗಿದೆ ಅಂತ ಮನೆ ಸುಳ್ಳಾಗಲ್ಲ. ನಮ್ಮ ಮನೆಯದೇ ಹದಿಮೂರು ಬಕೆಟ್ಟು, ನನ್ನನ್ನೂ ತೆಗೆದು ಹಾಕ್ತೀಯಾ? ಆದ್ರೆ ಇಷ್ಟು ದೂರ ಹೋದ ಸಂಖ್ಯೆಯನ್ನ ಮತ್ತೊಂದು ಸಲ ಹೋಗಿ ಕೇಳಿ ಖಾತ್ರಿ ಮಾಡ್ಕೋಬೇಕು, ಅದು ಕ್ರಮ.” ಅವರು ಆಕೆಯ ಕಡೆ ತಿರುಗಿದರು. “ಆ ಮನೆಯವರು ನಿಮಗೆ ಪರಿಚಯವಾ?”

ಬಹಳ ವರ್ಷಗಳಿಂದ ಆಡದ ಒಂದು ಪದ ಆಕೆಯ ಬಾಯಲ್ಲಿ ದಪ್ಪಗೆ ಕುಳಿತಿತ್ತು. “ಅಕ್ಕ,” ಎಂದಳು. “ನಮ್ಮಕ್ಕ.”

ಛತ್ರಿಯಾತ ಛತ್ರಿಯ ಹಿಡಿ ನೋಡತೊಡಗಿದ. ಆನೆಯ ಮಾತು ಅವನಿಗೇ ಚುಚ್ಚಿರಬೇಕು.

“ಹಾಗಾದ್ರೆ ನೀವು ಹೋಗೋದು ಬೇಡಮ್ಮ,” ಎಂದರು ಮೇಷ್ಟ್ರು ಮೆಲ್ಲಗೆ. “ಕಷ್ಟವಾಗುತ್ತೆ ಅಂದ್ರೆ ಇವನನ್ನ ಕಳಿಸ್ತೀನಿ. ನಿಮ್ಮ ಮೇಲೆ ಅನುಮಾನ ಅಂತಲ್ಲ.”

ಅದು ಆಕೆಗೆ ಸಿಕ್ಕ ಸುಲಭದ ಬಾಗಿಲು. ಒಂದು ಹೂಂ ಎಂದಿದ್ದರೆ ಆಗಿತ್ತು. ಛತ್ರಿಯಾತ ಹೋಗಿ, ಹದಿನಾರು ಎಂಬುದನ್ನು ಇನ್ನೊಮ್ಮೆ ಕೇಳಿ ಬರುತ್ತಿದ್ದ. ನೀಲಿ ಗೇಟಿಗೆ ಆಕೆ ಮತ್ತೆ ಹೋಗಬೇಕಾದ ಕಾರಣ ಈ ಜನ್ಮಕ್ಕೆ ಉಳಿಯುತ್ತಿರಲಿಲ್ಲ. ಇಪ್ಪತ್ತು ಸಾವಿರ ಮನೆಗಳ ಊರಿನಲ್ಲಿ ಆ ಚೀಟಿ ಇನ್ನೊಮ್ಮೆ ಬರುವುದು ಎಲ್ಲಿಂದ?

“ಬೇಡ,” ಎಂದಳು. “ಇವರು ಛತ್ರಿ ಹಿಡ್ಕೊಂಡು ಹೋದ್ರೆ ಅವಳು ಬಾಗಿಲು ತೆಗೆಯಲ್ಲ. ನಾನೇ ಹೋಗ್ತೀನಿ.”

ಹೋಗುವಾಗ ದಾರಿಯುದ್ದಕ್ಕೂ ಆಕೆಗೆ ಏನೂ ಅನ್ನಿಸಲಿಲ್ಲ. ಅನ್ನಿಸಬೇಕೆಂದು ಕಾದು ನೋಡಿದಳು. ದರ್ಜಿಗಳ ಯಂತ್ರಗಳು ಗಡಗಡ ಎನ್ನುತ್ತಿದ್ದವು. ಗೇಟು ತೆರೆದು, ಎಡಗೈ ಮುಷ್ಟಿ ಕಟ್ಟಿ, ಎಲ್ಲ ಮನೆಗಳ ಬಾಗಿಲಿಗೂ ತಟ್ಟುವಂತೆಯೇ ತಟ್ಟಿದಳು. ಹೊಲಿಗೆ ಯಂತ್ರವೊಂದು ನಿಂತಿತು. ಯಾರೋ ಕತ್ತು ಹೊರಗೆ ಹಾಕಿದರು.

“ಬಾಗಿಲು ಮುರೀಬೇಡ,” ಎಂದು ಒಳಗಿನಿಂದ ಅಕ್ಕನ ದನಿ ಬಂತು. “ತೆರೆದೇ ಇದೆ, ಬಾ.”

ಅಕ್ಕ ಹಿತ್ತಿಲ ಒಗೆಯುವ ಕಲ್ಲಿನ ಬಳಿ ಕುಕ್ಕರುಗಾಲಿನಲ್ಲಿ ಕುಳಿತಿದ್ದಳು. ಕಣ್ಣಿನ ಕೆಳಗೆ ಕಪ್ಪು ಇಳಿದಿತ್ತು.

“ಮತ್ತೇನು? ನೀರು ಜಾಸ್ತಿ ಆಯ್ತಂತಾ?”

“ಸಂಖ್ಯೆ ದೊಡ್ಡದಾಯ್ತು. ಇನ್ನೊಂದು ಸಲ ಕೇಳ್ಕೊಂಡು ಬಾ ಅಂದ್ರು.”

“ನಾನು ಸುಳ್ಳು ಹೇಳಿದೀನಿ ಅಂತಾನಾ?”

“ಇಲ್ಲ. ಸುಳ್ಳಲ್ಲ ಅಂತ ನಾನು ಹೇಳ್ದೆ.”

ಅಕ್ಕ ಹಾಸನ್ನು ಎತ್ತಲು ಹೋದಳು. ಒದ್ದೆ ಬಟ್ಟೆಯ ಭಾರಕ್ಕೆ ಅದು ಮತ್ತೆ ಕಲ್ಲಿನ ಮೇಲೆ ಜಾರಿತು. ಒಂದು ತುದಿಯನ್ನು ತಂಗಿಯ ಕಡೆ ಚಾಚಿದಳು. ಆಕೆ ಕಾಗದದ ಹಲಗೆಯನ್ನೂ ಕೋಲನ್ನೂ ಗೋಡೆಗೆ ಒರಗಿಸಿ ಬಂದು ತುದಿ ಹಿಡಿದಳು. ಇಬ್ಬರೂ ಎದುರುಬದುರು ನಿಂತು ತಿರುಚಿದರು. ಹಾಸು ಹಗ್ಗದ ಹಾಗೆ ಸುಮ್ಮನೆ ಉರುಳಿತು. ನೀರಿಳಿಯಲಿಲ್ಲ.

ಆಕೆ ತನ್ನ ಕೈ ಬದಲಿಸಬೇಕೆಂದಿದ್ದಳು. ಅಷ್ಟರಲ್ಲಿ ಅಕ್ಕ ತಾನೇ ಹಿಡಿತ ಸಡಿಲಿಸಿ, ಕೈ ಬದಲಿಸಿ, ಆ ಕಡೆಗೆ ತಿರುಚಿದಳು. ನೀರು ಕಲ್ಲಿನ ಮೇಲೆ ಸುರಿಯಿತು.

“ನಿದ್ದೆ ಬಂದ್ಬಿಡುತ್ತೆ ಕಣೆ,” ಎಂದಳು ಅಕ್ಕ, ಬಟ್ಟೆಯನ್ನೇ ನೋಡುತ್ತ. “ಕುರ್ಚೀಲಿ ಕೂತಿರ್ತೀನಿ. ಮಾತಾಡ್ತಾನೇ ಇರ್ತಾರೆ ಅವರು. ಕೂತಲ್ಲೇ ಬಂದ್ಬಿಡುತ್ತೆ.”

“ಬರುತ್ತೆ,” ಎಂದಳು ಆಕೆ.

ಇಬ್ಬರೂ ಇನ್ನೊಂದು ಸುತ್ತು ತಿರುಚಿದರು. ನೀರು ತಣ್ಣಗಿತ್ತು, ಅದು ಬೆರಳ ಸಂದಿನಲ್ಲಿ ಇಳಿದು ಮಣಿಕಟ್ಟಿನವರೆಗೆ ಬರುವುದು ಆಕೆಗೆ ಗೊತ್ತಾಗುತ್ತಿತ್ತು.

“ಯಾರದು?” ಎಂದು ಒಳಗಿನಿಂದ ಭಾವನ ದನಿ ಕೇಳಿತು.

“ಮೊಂಡಿ,” ಎಂದಳು ಅಕ್ಕ. ಒಳಗಿನಿಂದ ಮತ್ತೇನೋ ಕೇಳಿದ್ದು ಅರ್ಥವಾಗಲಿಲ್ಲ. “ಹೂಂ, ಅವಳೇ. ಇನ್ಯಾವ ಮೊಂಡಿ ಇದಾಳೆ ನಮಗೆ.”

ಹಾಸನ್ನು ತಂತಿಯ ಮೇಲೆ ಹರವಿದ ಮೇಲೆ ಆಕೆ ಹಲಗೆ ಎತ್ತಿಕೊಂಡು ಮೊದಲಿನಿಂದ ಕೇಳಿದಳು. ಅಡುಗೆಗೆ, ಸ್ನಾನಕ್ಕೆ, ಪಾತ್ರೆಗೆ, ನೆಲಕ್ಕೆ, ಬಟ್ಟೆಗೆ. ಒಟ್ಟು ಇಪ್ಪತ್ತಾರೇ ಬಂತು. ‘ಖಾತ್ರಿಯಾಗಿದೆ’ ಎಂದು ಬರೆದು ಕೆಳಗೆ ಗೆರೆ ಎಳೆದಳು.

“ಮುಗೀತಾ?” ಎಂದು ಕೇಳಿದಳು ಅಕ್ಕ. “ಇಷ್ಟೇನಾ, ಇಲ್ಲ ಇನ್ನೂ ಬರೋದಿದೆಯಾ?”

ಖಾತ್ರಿ ಮಾಡಿಕೊಳ್ಳಲು ಒಂದೇ ಸಲ ಹೋದರೆ ಸಾಕು. ಮೂರು ಸಲದ ಕಟ್ಟಳೆ ಇರುವುದು ತೆರೆಯದ ಬಾಗಿಲುಗಳಿಗೆ ಮಾತ್ರ. ಅದನ್ನು ಆಕೆಯಷ್ಟು ಚೆನ್ನಾಗಿ ತಿಳಿದವರು ಕಚೇರಿಯಲ್ಲೇ ಇರಲಿಲ್ಲ.

“ಮೂರು ಸಲ ಬರ್ಬೇಕು,” ಎಂದಳು.

“ಸರಿ,” ಎಂದಳು ಅಕ್ಕ. ಬಕೆಟ್ಟಿನೊಳಗೆ ಕೈಯಿಟ್ಟು ಎರಡನೆಯ ಹಾಸಿನ ತುದಿ ಹುಡುಕಿ ತಂಗಿಯ ಕೈಗೆ ಕೊಟ್ಟಳು.